ತೊಳೆಯುವ ಹೊತ್ತೂ ಕೆಲಸದ ಹೊತ್ತೇ

ತಮ್ಮಾ, ನೀನು ಬಜೂಕಾ ಹಿಡಿಯಲು ಹೊರಟಿದ್ದೀಯ ಎಂದು ಕೇಳಿ ಸಂತೋಷವಾಯಿತು. ಬೆಂಗಳೂರಿನಲ್ಲಿ ಫಾಲ್ಸ್ ಸೀಲಿಂಗ್ ಕೆಲಸ ಮಾಡುತ್ತಾ, ಜಿಪ್ಸಮ್ ಬೋರ್ಡಿನ ಸಂದುಗಳಿಗೆ ಕೈಯಲ್ಲೇ ಟೇಪು ಅಂಟಿಸಿ, ಬ್ಲೇಡಿನಲ್ಲಿ ಸವರಿ ಪಳಗಿದವನು ನೀನು. ಅಲ್ಲಿ ಹೆಚ್ಚಾಗಿ ತಲೆಯ ಮೇಲಷ್ಟೇ ಬೋರ್ಡು. ಇಲ್ಲಿ ಟೊರಾಂಟೊ ಸುತ್ತಮುತ್ತ ಏಳುವ ಮನೆಗಳಲ್ಲಿ ಒಳಗೋಡೆ, ಸೀಲಿಂಗು, ಕಪಾಟಿನ ಒಳಬದಿ, ಮೆಟ್ಟಿಲ ಕೆಳಗಿನ ಮೂಲೆ ಎಲ್ಲವೂ ಇಲ್ಲಿ ಡ್ರೈವಾಲ್ ಎನ್ನುವ ಅದೇ ಬೋರ್ಡು. ಇಷ್ಟು ಸಂದುಗಳನ್ನು ಕೈಯಲ್ಲೇ ಮುಚ್ಚುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ, ಅದು ನಿನಗೂ ಅರ್ಥವಾಗಿದೆ. ಹಾಗಾಗಿ ಯಂತ್ರ ಬೇಕು. ಆದರೆ ಯಂತ್ರ ಬಂದ ಮೇಲೆ ನಿನ್ನ ದಿನಚರಿ ಬದಲಾಗಬೇಕು. ಆ ವಿಷಯವನ್ನು ಕೆಲಸದ ಜಾಗದಲ್ಲಿ ಯಾರೂ ಹೇಳಿಕೊಡುವುದಿಲ್ಲ, ಅಲ್ಲಿ ಎಲ್ಲರಿಗೂ ಅವಸರ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಬಜೂಕಾ ಅಂದರೆ ಆಟೊಮ್ಯಾಟಿಕ್ ಟೇಪರ್. ಅಮೆರಿಕದ ರಾಬರ್ಟ್ ಏಮ್ಸ್ ಎಂಬಾತ ರೂಪಿಸಿದ್ದು. ಭುಜದ ಮೇಲಿಟ್ಟು ಹಾರಿಸುವ ಯುದ್ಧದ ಬಜೂಕಾದ ಆಕಾರ ಇರುವುದರಿಂದ ಆ ಹೆಸರು ಅಂಟಿಕೊಂಡಿತು. ಹೆಸರಿನಲ್ಲಿ ಆಟೊಮ್ಯಾಟಿಕ್ ಎಂದಿದ್ದರೂ ಅದರಲ್ಲಿ ಮೋಟಾರಿಲ್ಲ, ಕರೆಂಟಿಲ್ಲ. ಗೋಡೆಯ ಮೇಲೆ ಚಕ್ರ ಉರುಳಿದರೆ ಒಳಗೊಂದು ಡ್ರಮ್ಮು ತಿರುಗುತ್ತದೆ. ಡ್ರಮ್ಮಿಗೆ ಕೇಬಲ್ಲು ಸುತ್ತಿಕೊಳ್ಳುತ್ತದೆ. ಕೇಬಲ್ಲು ಪಿಸ್ಟನ್ನನ್ನು ಎಳೆಯುತ್ತದೆ. ಪಿಸ್ಟನ್ನು ಕೊಳವೆಯಲ್ಲಿರುವ ಮಡ್ಡನ್ನು, ಅಂದರೆ ಸಂದು ಮುಚ್ಚುವ ಲೇಪವನ್ನು, ತಲೆಯ ಕಡೆಗೆ ನೂಕುತ್ತದೆ. ಅಲ್ಲಿ ಕಾಗದದ ಟೇಪಿಗೆ ಮಡ್ಡು ಹತ್ತಿ ಎರಡೂ ಒಟ್ಟಿಗೆ ಗೋಡೆಗೆ ಕೂರುತ್ತವೆ. ಈ ಸರಪಳಿಯನ್ನು ಮನಸ್ಸಿನಲ್ಲಿ ಇಟ್ಟುಕೋ. ಟೇಪರ್ ಕೈಕೊಟ್ಟಾಗಲೆಲ್ಲ ಇದರಲ್ಲಿ ಯಾವುದೋ ಒಂದು ಕೊಂಡಿ ಜಾರಿರುತ್ತದೆ. ಚಕ್ರಕ್ಕೆ ಮಡ್ಡು ಮೆತ್ತಿಕೊಂಡು ಗೋಡೆಯ ಮೇಲೆ ಉರುಳದೆ ಜಾರಿತು ಅಂತಿಟ್ಟುಕೋ, ಡ್ರಮ್ಮು ತಿರುಗುವುದಿಲ್ಲ, ಮಡ್ಡು ಬರುವುದಿಲ್ಲ, ಒಣ ಟೇಪು ಗೋಡೆಗೆ ಹೋಗುತ್ತದೆ. ಆ ಹೊತ್ತಿಗೆ ಅದು ಕಾಣಿಸುವುದಿಲ್ಲ. ಮೇಲೆ ಎರಡು ಕೋಟು ಬಿದ್ದು, ಬಣ್ಣವೂ ಆದ ಮೇಲೆ ಉಬ್ಬಿ ಏಳುತ್ತದೆ. ಆಗ ಕತ್ತರಿಸಿ ತೆಗೆದು ಮತ್ತೆ ಮೊದಲಿನಿಂದ ಮಾಡಬೇಕು, ಅದೂ ಬಿಟ್ಟಿ ಕೆಲಸ. ಆದ್ದರಿಂದ ಸೊಂಟದಲ್ಲಿ ಒಂದು ಒದ್ದೆ ಬಟ್ಟೆ ಇರಲಿ, ಪ್ರತಿ ಸಲ ಮಡ್ಡು ತುಂಬಿಸಿದಾಗಲೂ ಚಕ್ರ ಒರೆಸು.

ಮಡ್ಡಿನ ಹದದ ಮೇಲೆ ಮುಕ್ಕಾಲು ಪಾಲು ಕೆಲಸ ನಿಂತಿದೆ. ಬಕೆಟ್ಟಿನಿಂದ ತೆಗೆದ ಮಡ್ಡು ಹಾಗೇ ಟೇಪರಿಗೆ ಆಗುವುದಿಲ್ಲ, ತೀರಾ ಗಟ್ಟಿಯಾಗಿರುತ್ತದೆ. ಅದನ್ನು ಬಳಸಿದರೆ ಕೇಬಲ್ಲಿನ ಮೇಲೂ ನಿನ್ನ ಭುಜದ ಮೇಲೂ ಭಾರ ಬೀಳುತ್ತದೆ. ನೀರು ಹೆಚ್ಚಾದರೆ ಟೇಪಿನ ಹಿಂದಿನಿಂದ ಇಳಿದು ಹೋಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಚೆನ್ನಾಗಿ ಹುದುಗಿದ ಇಡ್ಲಿ ಹಿಟ್ಟಿನ ಹದ ಟೇಪರಿಗೆ ಸರಿ. ಟೇಪಿನ ಮೇಲೆ ಮಡ್ಡಿನ ಕೋಟು ಎಳೆಯುವ ಬಾಕ್ಸಿಗೆ ಅದಕ್ಕಿಂತ ತುಸು ಗಟ್ಟಿ. ನೀರನ್ನು ಒಂದೇ ಸಲ ಸುರಿಯಬೇಡ, ಸ್ವಲ್ಪ ಸ್ವಲ್ಪವೇ ಹಾಕಿ ನಿಧಾನ ವೇಗದ ಡ್ರಿಲ್ಲಿನಲ್ಲಿ ಕಲಸು. ವೇಗವಾಗಿ ಕಲಸಿದರೆ ಗಾಳಿ ಸೇರಿಕೊಳ್ಳುತ್ತದೆ, ಆಮೇಲೆ ಗೋಡೆಯ ತುಂಬ ಸಣ್ಣ ಗುಳ್ಳೆ. ಬಕೆಟ್ಟಿನ ಅಂಚಿನಲ್ಲಿ ಒಣಗಿ ಅಂಟಿದ ಮಡ್ಡನ್ನು ಆಗಾಗ ಒರೆಸಿ ತೆಗೆದು ಹೊರಗೆ ಎಸೆ, ಒಳಗೆ ಬೀಳಿಸಬೇಡ. ಸಾಸಿವೆಯಷ್ಟು ಗಟ್ಟಿ ತುಣುಕೊಂದು ಮಡ್ಡು ತುಂಬಿಸುವ ಪಂಪಿನ ಮೂಲಕ ಬಾಕ್ಸಿಗೆ ಹೋದರೆ ಹನ್ನೆರಡು ಅಡಿ ಗೋಡೆಗೂ ಒಂದು ಉದ್ದ ಗೀರು ಬೀಳುತ್ತದೆ. ಬ್ಲೇಡು ಸರಿ ಇಲ್ಲ ಎಂದು ಬ್ಲೇಡನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಬಕೆಟ್ಟಿನದು.

ಇನ್ನೊಂದು ಮಾತು, ಇದನ್ನು ಮರೆಯಲೇಬೇಡ. ಬಕೆಟ್ಟಿನಲ್ಲಿ ಕಲಸಿಯೇ ಬರುವ ಮಡ್ಡು ನೀರು ಆರಿ ಗಟ್ಟಿಯಾಗುವಂಥದ್ದು. ಚೀಲದಲ್ಲಿ ಪುಡಿಯಾಗಿ ಬರುವ ಸೆಟ್ಟಿಂಗ್ ಮಡ್ಡು, ಇಲ್ಲಿನವರು ಹಾಟ್ ಮಡ್ ಅನ್ನುವುದು, ನೀರಿನೊಂದಿಗೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಅದು ನೀರಿನ ಒಳಗೂ ಗಟ್ಟಿಯಾಗುತ್ತದೆ. ಊಟಕ್ಕೆ ಹೋಗುವಾಗ ಟೇಪರಿನ ತಲೆಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಟ್ಟರೆ ಮಾಮೂಲಿ ಮಡ್ಡು ಮೆತ್ತಗೇ ಇರುತ್ತದೆ. ಹಾಟ್ ಮಡ್ಡಾದರೆ ವಾಪಸ್ಸು ಬರುವಷ್ಟರಲ್ಲಿ ಕಲ್ಲು. ಬಜೂಕಾದೊಳಗೆ ಅದನ್ನು ಹಾಕಲೇಬೇಡ. ದೊಡ್ಡ ಸಂದು ತುಂಬಲು, ಅರ್ಜೆಂಟ್ ಕೆಲಸಕ್ಕೆ ಬೇಕಾದರೆ ಕೈಯಲ್ಲಿ ಬಳಸು, ಅದಕ್ಕೆ ಬೇರೆ ಬಕೆಟ್ಟು, ಬೇರೆ ಕಲಸುವ ಕಡ್ಡಿ ಇಟ್ಟುಕೋ.

ಟೇಪು ಹಾಕುವ ಕ್ರಮದಲ್ಲಿ ಮೊದಲು ಬೋರ್ಡಿನ ಕತ್ತರಿಸಿದ ತುದಿಗಳು ಕೂಡುವ ಬಟ್ ಸಂದು, ಆಮೇಲೆ ಉದ್ದದ ಸಂದು, ಕೊನೆಗೆ ಮೂಲೆ. ಹೀಗೆ ಮಾಡಿದರೆ ಬಟ್ ಟೇಪಿನ ತುದಿಗಳು ಉದ್ದದ ಟೇಪಿನ ಕೆಳಗೆ ಸೇರಿಕೊಳ್ಳುತ್ತವೆ. ಶುರುವಿನಲ್ಲಿ ಟೇಪಿನ ತುದಿ ಒಣದಾಗಿರದಂತೆ ಚಕ್ರವನ್ನು ಕೈಯಲ್ಲೇ ತುಸು ತಿರುಗಿಸಿ ಮಡ್ಡು ಬಂದಿದೆಯೇ ನೋಡಿಕೋ. ಮೂಲೆಯಲ್ಲಿ ಹೋಗುವಾಗ ಮಡಿಕೆ ಚಕ್ರ ಟೇಪನ್ನು ಸಂದಿಗೆ ಒತ್ತುತ್ತದೆ, ಆದರೆ ಅಷ್ಟೇ ಸಾಲದು. ಹಿಂದೆಯೇ ಕಾರ್ನರ್ ರೋಲರ್ ಹಾಯಿಸು, ಅದರ ಹಿಂದೆ ಮೂಲೆಯ ಎರಡೂ ಬದಿ ಸವರುವ ಆಂಗಲ್ ಹೆಡ್. ಉದ್ದದ ಸಂದನ್ನು ಐದಾರು ಇಂಚಿನ ಚಾಕುವಿನಲ್ಲಿ ಒತ್ತಿ ಎಳೆದು ಹೆಚ್ಚಿನ ಮಡ್ಡನ್ನು ತೆಗೆ. ಮೇಲೆ ಕೆನೆಗಟ್ಟುವ ಮೊದಲೇ ಇದು ಆಗಬೇಕು. ಬಜೂಕಾ ಓಡಿಸುವವನು ಎಷ್ಟೇ ಚುರುಕಾಗಿದ್ದರೂ ಹಿಂದೆ ಒರೆಸುವವನು ಮುಟ್ಟುವಷ್ಟು ದೂರವೇ ಮುಂದೆ ಹೋಗಬೇಕು. ಟೇಪಿನ ಒಂದು ಸುರುಳಿ 500 ಅಡಿ ಬರುತ್ತದೆ, ಅದು ಮುಗಿಯುವವರೆಗೂ ಓಡಿಸಿಬಿಡೋಣ ಎಂಬ ಆಸೆ ಬರುತ್ತದೆ. ಆ ಆಸೆಗೆ ಬೀಳಬೇಡ.

ಬಾಕ್ಸಿನ ವಿಷಯ ಬೇಗ ಕಲಿಯುತ್ತೀಯ. ಮೊದಲ ಕೋಟಿಗೆ ಸಣ್ಣದು, ಮುಂದಿನದಕ್ಕೆ ಹತ್ತು ಅಥವಾ ಹನ್ನೆರಡು ಇಂಚಿನದು. ಹೆಚ್ಚಿನ ಬಾಕ್ಸುಗಳಲ್ಲಿ ಡಯಲ್ಲು 1ಕ್ಕೆ ಇದ್ದರೆ ಮಡ್ಡು ದಪ್ಪ ಬೀಳುತ್ತದೆ, 5ಕ್ಕೆ ಇದ್ದರೆ ತೆಳು. ಒಂದು ತುದಿಯಿಂದ ಶುರು ಮಾಡಿ ನಡು ದಾಟಿಸಿ ಮೆಲ್ಲನೆ ಎತ್ತಿಬಿಡು, ಆಮೇಲೆ ಇನ್ನೊಂದು ತುದಿಯಿಂದ ಬಂದು ಕೂಡಿಸು. ನಡುವೆ ತಟ್ಟನೆ ನಿಲ್ಲಿಸಿದರೆ ಅಲ್ಲೊಂದು ಗುಡ್ಡ ಏಳುತ್ತದೆ. ಬಟ್ ಸಂದಿನಲ್ಲಿ ಬೋರ್ಡಿನ ಅಂಚು ತಗ್ಗಿರುವುದಿಲ್ಲ, ಟೇಪು ಮೇಲೆಯೇ ಉಬ್ಬಿ ಕೂರುತ್ತದೆ. ಅದಕ್ಕೆ ಟೇಪಿನ ಎರಡೂ ಬದಿಗೆ ಒಂದೊಂದು ಸಲ ಬಾಕ್ಸು ಹಾಯಿಸಿ ಅಗಲ ಮಾಡಬೇಕು, ಆಗ ಉಬ್ಬು ಕಣ್ಣಿಗೆ ಬೀಳುವುದಿಲ್ಲ.

ಇನ್ನು ತೊಳೆಯುವ ಮಾತು. ನನಗೆ ಹೇಳಬೇಕಾದದ್ದೇ ಇದು.

ಕೆಲಸ ಮುಗಿದಾಗ ಮೈ ನೋಯುತ್ತಿರುತ್ತದೆ, ಮನೆಗೆ ಓಡುವ ಆತುರ ಇರುತ್ತದೆ. ಆ ಹೊತ್ತಿನಲ್ಲೇ ಬಜೂಕಾ ಬದುಕುವುದೋ ಸಾಯುವುದೋ ತೀರ್ಮಾನವಾಗುವುದು. ಉಳಿದ ಟೇಪು ಬಿಚ್ಚಿ ತೆಗೆ. ಒಳಗಿನ ಮಡ್ಡನ್ನು ಖಾಲಿ ಮಾಡು. ತಲೆಯ ಮುಚ್ಚಳ ತೆಗೆದರೆ ಒಳಗೆ ಟೇಪು ಕತ್ತರಿಸುವ ಬ್ಲೇಡು, ಅದನ್ನು ಎಳೆಯುವ ಪುಟ್ಟ ಚೈನು, ಟೇಪನ್ನು ಮುಂದೆ ತಳ್ಳುವ ಸೂಜಿ ಕಾಣಿಸುತ್ತವೆ. ಸೂಜಿಯ ಬುಡದಲ್ಲಿ, ಚೈನಿನ ಕೊಂಡಿಗಳ ನಡುವೆ ಮಡ್ಡು ಅವಿತಿರುತ್ತದೆ. ಮೇಲಿನಿಂದ ನೀರು ಹಾಯಿಸಿದರೆ ತೊಳೆದಂತೆ ಕಾಣುತ್ತದೆ, ಬೆಳಿಗ್ಗೆ ನೋಡಿದರೆ ಬೆಳ್ಳಗೆ ಗಟ್ಟಿ. ಆದ್ದರಿಂದ ಮೆದು ಬ್ರಷ್ಷಿನಿಂದ ಉಜ್ಜಿ, ಚೈನನ್ನು ಹಿಂದೆ ಮುಂದೆ ಆಡಿಸುತ್ತಾ ನೀರು ಹಾಯಿಸು. ಕೊಳವೆಯೊಳಗೆ ನೀರು ತುಂಬಿ ಪಿಸ್ಟನ್ನನ್ನು ಆಡಿಸಿ ಹೊರಹಾಕು. ಮೊದಲು ಹಾಲಿನಂತೆ ಬರುವ ನೀರು ತಿಳಿಯಾಗುವವರೆಗೂ ಬಿಡಬೇಡ. ಕೇಬಲ್ಲಿನ ಮೇಲೆ ಬೆರಳು ಹಾಯಿಸಿ ನೋಡು. ಒಂದು ಎಳೆ ಕಿತ್ತು ಬೆರಳಿಗೆ ಚುಚ್ಚಿದರೂ ಅಂದೇ ಬದಲಿಸು. ಕೇಬಲ್ಲು ತುಂಡಾಗುವುದು ಯಾವಾಗಲೂ ಮಡ್ಡು ತುಂಬಿದ ಬಜೂಕಾ ಸೀಲಿಂಗಿನ ಮೇಲೆ ಓಡುತ್ತಿರುವಾಗಲೇ. ನೀರು ಬಸಿದು ಒಣಗಿದ ಮೇಲೆ ಚಲಿಸುವ ಭಾಗಗಳಿಗೆಲ್ಲ ತೆಳುವಾಗಿ ಎಣ್ಣೆ ಹಚ್ಚಿ ಒರೆಸು, ಸುರಿಯಬೇಡ.

ಬಾಕ್ಸಿನದು ಸುಲಭ. ಬ್ಲೇಡಿನ ಅಂಚನ್ನು ಉಗುರಿನಿಂದ ಸವರಿ ನೋಡು, ಉಗುರಿಗೆ ತಾಗುವಷ್ಟು ಗೀಚು ಇದ್ದರೆ ಗೋಡೆಗೂ ತಾಗುತ್ತದೆ, ಹೊಸ ಬ್ಲೇಡು ಹಾಕು. ಪಂಪಿನಲ್ಲಿ ಶುದ್ಧ ನೀರನ್ನು ಹತ್ತಾರು ಸಲ ಎಳೆದು ಹೊರಹಾಕು, ತಳದ ಕವಾಟವನ್ನು ಬಿಚ್ಚಿ ನೋಡು. ಆಂಗಲ್ ಹೆಡ್ಡನ್ನು ಬಕೆಟ್ಟಿನ ಅಂಚಿಗೆ ಕುಟ್ಟಿ ಮಡ್ಡು ಉದುರಿಸುವ ಚಟ ಹಲವರಿಗಿದೆ. ಅದರ ಬ್ಲೇಡುಗಳು ಕೂದಲೆಳೆಯಷ್ಟು ಸರಿದರೂ ಮೂಲೆಯ ಒಂದು ಬದಿಯಲ್ಲಿ ಗೆರೆ ಬೀಳುತ್ತದೆ. ನೀನು ಕುಟ್ಟಬೇಡ, ತೊಳೆದು ಒಣ ಬಟ್ಟೆಯಲ್ಲಿ ಸುತ್ತಿ, ಬೇರೆ ಸಾಮಾನು ತಾಗದಂತೆ ಒಂದು ಡಬ್ಬಿಯಲ್ಲಿ ಇಡು. ಒಮ್ಮೆ ಕೈಜಾರಿ ಸಿಮೆಂಟು ನೆಲಕ್ಕೆ ಬಿದ್ದರೆ ಮೊದಲಿನಂತಾಗುವುದು ಕಷ್ಟ.

ಕೆನಡಾದ ಚಳಿ ಈ ಕೆಲಸಕ್ಕೆ ಇನ್ನೊಂದು ತೊಡಕು. ಟೇಪು ಹಾಕುವ ಎರಡು ದಿನ ಮೊದಲಿನಿಂದಲೇ ಮನೆಯೊಳಗೆ 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆಯಾಗದ ಶಾಖ ಇರಬೇಕು ಎಂಬುದು ನಿಯಮ. ಹೀಟರು ಇಲ್ಲದ ಮನೆಯಲ್ಲಿ ಟೇಪು ಹಾಕು ಎಂದರೆ ಒಪ್ಪಬೇಡ, ಯಾರೇ ಹೇಳಲಿ. ಮತ್ತೊಂದು, ಒದ್ದೆ ಸಾಮಾನನ್ನು ರಾತ್ರಿ ವ್ಯಾನಿನಲ್ಲಿ ಬಿಡಬೇಡ. ಪಂಪಿನೊಳಗೆ ನಿಂತ ನೀರು ಹೆಪ್ಪುಗಟ್ಟಿ ಹಿಗ್ಗಿ ಲೋಹವನ್ನೇ ಸೀಳಿಹಾಕುತ್ತದೆ. ಕೆಲಸದ ಜಾಗದಲ್ಲಿ ನಲ್ಲಿ ಇರುವುದೂ ಅಪರೂಪ. ಮೂರು ನಾಲ್ಕು ಬಕೆಟ್ಟು ಬಿಸಿನೀರು ಮನೆಯಿಂದಲೇ ಒಯ್ಯು, ಅಲ್ಲಿ ಮೊದಲ ತೊಳೆತ, ಮನೆಗೆ ಬಂದು ಗ್ಯಾರೇಜಿನಲ್ಲಿ ಎರಡನೆಯದು.

ಹಳೇ ಸೆಟ್ಟು ಅಗ್ಗಕ್ಕೆ ಸಿಗುತ್ತದೆ, ತೆಗೆದುಕೊಳ್ಳಲೇ ಎಂದು ಕೇಳಿದ್ದೆಯಲ್ಲ. ಪಂಪು ಮತ್ತು ಎರಡು ಬಾಕ್ಸನ್ನು ಕಣ್ಣುಮುಚ್ಚಿ ಕೊಳ್ಳು, ಅವುಗಳಲ್ಲಿ ಕೆಡುವಂಥದ್ದು ಕಡಿಮೆ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಬಜೂಕಾವನ್ನು ಮಾತ್ರ ಮಡ್ಡು ತುಂಬಿ ಓಡಿಸಿ ನೋಡದೆ ಕೊಳ್ಳಬೇಡ. ಮಾರುವವನು ಒಪ್ಪದಿದ್ದರೆ ಬಿಟ್ಟು ಬಾ. ಮೊದಲ ಕೆಲವು ಮನೆಗಳಿಗೆ ಬಾಡಿಗೆಗೆ ತಂದರೂ ನಷ್ಟವಿಲ್ಲ, ರಿಪೇರಿಯೂ ಬಾಡಿಗೆ ಅಂಗಡಿಯವರ ತಲೆನೋವು.

ಧೂಳಿನ ಬಗ್ಗೆ ಹೇಳದೆ ಇದ್ದರೆ ನನಗೆ ಸಮಾಧಾನವಾಗುವುದಿಲ್ಲ. ಡ್ರೈವಾಲ್ ಉಜ್ಜುವವರು ಉಸಿರಾಡುವ ಧೂಳು ಕೆಲವು ಕಡೆ ಕಾನೂನಿನ ಮಿತಿಗಿಂತ ಹತ್ತು ಪಟ್ಟಿನವರೆಗೂ ಇತ್ತೆಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ 1999ರಲ್ಲೇ ಎಚ್ಚರಿಸಿತ್ತು. ಕೆಲವು ಮಡ್ಡುಗಳಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಬಾಕ್ಸು ಸರಿಯಾಗಿ ಓಡಿಸಿದರೆ ಉಜ್ಜುವ ಕೆಲಸವೇ ಅರ್ಧ ಕಡಿಮೆಯಾಗುತ್ತದೆ, ಚೊಕ್ಕ ಯಂತ್ರದ ನಿಜವಾದ ಲಾಭ ಇದೂ ಹೌದು. ಉಳಿದ ಅರ್ಧಕ್ಕೆ ವ್ಯಾಕ್ಯೂಮ್ ಜೋಡಿಸಿದ ಸ್ಯಾಂಡರು ಬಳಸು, ಮಾಸ್ಕ್ ಹಾಕಿಕೋ. ಹಳೆಯ ಮನೆಗಳ ಮಡ್ಡಿನಲ್ಲಿ ಆಸ್ಬೆಸ್ಟಾಸ್ ಇರಬಹುದು. 1990ಕ್ಕೆ ಮುಂಚಿನ ಮನೆಯಾದರೆ ಪರೀಕ್ಷೆ ಮಾಡಿಸದೆ ಆ ಗೋಡೆಯನ್ನು ಉಜ್ಜಲೂಬೇಡ, ಒಡೆಯಲೂಬೇಡ.

ಕೊನೆಗೆ ದುಡ್ಡಿನ ಮಾತು. ಇಲ್ಲಿ ಬಹಳ ಕಡೆ ಚದರಡಿ ಲೆಕ್ಕದಲ್ಲಿ ಕೂಲಿ. ಹೊಸ ಹುಡುಗರು ಟೇಪು, ಕೋಟು, ಉಜ್ಜುವುದು ಇಷ್ಟಕ್ಕೆ ಮಾತ್ರ ಲೆಕ್ಕ ಹಾಕಿ ದರ ಹೇಳಿಬಿಡುತ್ತಾರೆ. ಆಮೇಲೆ ತೊಳೆಯುವ ಹೊತ್ತು ಅವರ ಸ್ವಂತ ಹೊತ್ತಾಗುತ್ತದೆ, ಸ್ವಂತ ಹೊತ್ತನ್ನು ಉಳಿಸಲು ತೊಳೆಯುವುದನ್ನೇ ಬಿಡುತ್ತಾರೆ. ವರ್ಷ ತುಂಬುವುದರೊಳಗೆ ಬಜೂಕಾ ಮೂಲೆ ಸೇರುತ್ತದೆ, ಮತ್ತೆ ಕೈಯಲ್ಲಿ ಚಾಕು. ನೀನು ಹಾಗೆ ಮಾಡಬೇಡ. ಸಂಜೆಯ ಆ ಅರ್ಧ ಗಂಟೆ, ಬ್ಲೇಡು, ಕೇಬಲ್ಲು, ಎಣ್ಣೆಯ ಖರ್ಚು ಎಲ್ಲವನ್ನೂ ಸೇರಿಸಿಯೇ ದರ ಹೇಳು. ಜಾಸ್ತಿಯಾಯಿತು ಎಂದು ಯಾರಾದರೂ ಅಂದರೆ ಅವರಿಗೆ ಈ ಲೆಕ್ಕವನ್ನೇ ಬಿಡಿಸಿ ತೋರಿಸು, ಆದರೆ ಆ ಅರ್ಧ ಗಂಟೆಯನ್ನು ಬಿಟ್ಟುಕೊಡಬೇಡ.