ಕ್ಷಯರೋಗ: ಅದರ ಅಣುಜೀವಿ, ಪರೀಕ್ಷೆ ಮತ್ತು ನಿವಾರಣೆ



ವಿಜ್ಞಾನದ ಪಾಠಗಳಲ್ಲಿ ನೀವು ಅಣುಜೀವಿಗಳ ವಿಷಯವನ್ನು ಓದಿರುವಿರಷ್ಟೆ. ಹಾಲನ್ನು ಮೊಸರು ಮಾಡುವುದೂ ಅಣುಜೀವಿಯೇ. ವಿಷಮಶೀತಜ್ವರವನ್ನು ತರುವುದೂ ಅಣುಜೀವಿಯೇ. ಅವುಗಳಲ್ಲಿ ಬಹುಪಾಲು ನಮಗೆ ನಿರುಪದ್ರವಿಗಳು, ಕೆಲವು ಉಪಕಾರಿಗಳು, ಸ್ವಲ್ಪ ಮಾತ್ರ ಪ್ರಾಣಘಾತಕಗಳು. ಈ ಕೊನೆಯ ಗುಂಪಿಗೆ ಸೇರಿದ ಒಂದನ್ನು ಕುರಿತು ಈ ವರ್ಷದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆಂದು ನಾವು ಉದ್ದೇಶಿಸಿದ್ದೇವೆ. ಅದೇ ಕ್ಷಯರೋಗದ ಅಣುಜೀವಿ.

ಈ ವಿಷಯವನ್ನೇ ಆರಿಸಿದುದಕ್ಕೆ ಎರಡು ಕಾರಣಗಳುಂಟು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲಿನವರು ನಮ್ಮ ದೇಶದವರು. ಮುಂಬಯಿಯಂತಹ ನಗರದಲ್ಲಿ ಒಂದು ಖೋಲಿಯಲ್ಲಿ ಆರೇಳು ಮಂದಿ ಮಲಗುವುದು ಹೊಸ ಸಂಗತಿಯಲ್ಲ. ಊರಿನಿಂದ ಬಂದ ಮೊದಲ ವರ್ಷಗಳಲ್ಲಿ ನಾವೂ ಹಾಗೆಯೇ ಮಲಗಿದವರು. ಇದು ಮೊದಲನೆಯ ಕಾರಣ. ಎರಡನೆಯದನ್ನು ಪಾಠದ ಕೊನೆಯಲ್ಲಿ ಹೇಳುವೆವು.

ರೋಗಾಣುವಿನ ಪರಿಚಯ

ಕ್ಷಯವು ಹೊಸ ರೋಗವಲ್ಲ. ನಮ್ಮ ಆಯುರ್ವೇದ ಗ್ರಂಥಗಳು ಇದನ್ನು ರಾಜಯಕ್ಷ್ಮವೆಂದು ಕರೆದು ಇದರ ಲಕ್ಷಣಗಳನ್ನು ವರ್ಣಿಸಿವೆ. ಆದರೆ ಇದು ಏಕೆ ಬರುತ್ತದೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಪೂರ್ವಜನ್ಮದ ಪಾಪವೆಂದರು ಕೆಲವರು. ವಂಶದ ದೋಷವೆಂದರು ಹಲವರು. ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ಈ ಎಲ್ಲ ಊಹೆಗಳಿಗೂ ತೆರೆ ಎಳೆದನು. ರೋಗಕ್ಕೆ ಕಾರಣವಾದ ಅಣುಜೀವಿಯನ್ನು ತಾನು ಕಂಡುಹಿಡಿದಿರುವುದಾಗಿ ಆ ದಿನ ವಿದ್ವಾಂಸರ ಸಭೆಯಲ್ಲಿ ಸಾರಿ, ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದನು. ಈ ಸಂಶೋಧನೆಗಾಗಿ ೧೯೦೫ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮಾರ್ಚ್ ೨೪ನ್ನು ಇಂದಿಗೂ ವಿಶ್ವ ಕ್ಷಯರೋಗ ದಿನವೆಂದು ಆಚರಿಸುತ್ತಾರೆ.

ಈ ಅಣುಜೀವಿಯ ಆಕಾರ ಸಣ್ಣ ಕಡ್ಡಿಯಂತೆ. ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಪಾಲು ಮಾತ್ರ. ಇದಕ್ಕೆ ಎರಡು ವಿಶೇಷ ಗುಣಗಳಿವೆ. ಇದರ ಮೈಮೇಲೆ ಮೇಣದಂತಹ ದಪ್ಪ ಹೊದಿಕೆಯಿದೆ. ಆದುದರಿಂದ ಅನೇಕ ಔಷಧಗಳು ಸುಲಭವಾಗಿ ಒಳಹೊಗಲಾರವು. ಎರಡನೆಯದಾಗಿ, ಇದು ಬಹು ನಿಧಾನಿ. ನಮ್ಮ ಕರುಳಿನಲ್ಲಿರುವ ಕೆಲವು ಅಣುಜೀವಿಗಳು ಅನುಕೂಲ ಪರಿಸ್ಥಿತಿಯಲ್ಲಿ ೨೦ ನಿಮಿಷಗಳಿಗೊಮ್ಮೆ ಇಬ್ಭಾಗವಾಗಿ ಬೆಳೆಯುತ್ತವೆ. ಕ್ಷಯದ ಅಣುಜೀವಿಗೆ ಅದೇ ಕಾರ್ಯಕ್ಕೆ ೧೫ರಿಂದ ೨೦ ಗಂಟೆಗಳು ಬೇಕು. ಈ ಎರಡು ಗುಣಗಳನ್ನು ಚೆನ್ನಾಗಿ ನೆನಪಿಡಿರಿ. ಪರೀಕ್ಷೆ ಹೇಗೆ, ಚಿಕಿತ್ಸೆ ಏಕೆ ದೀರ್ಘ, ಎಂಬ ಪ್ರಶ್ನೆಗಳಿಗೆ ಉತ್ತರ ಇವುಗಳಲ್ಲಿಯೇ ಇದೆ.

ಹರಡುವ ಬಗೆ

ಶ್ವಾಸಕೋಶದ ಕ್ಷಯವುಳ್ಳವನು ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗ ಅತಿ ಸೂಕ್ಷ್ಮವಾದ ಹನಿಗಳು ಗಾಳಿಗೆ ಸೇರುತ್ತವೆ. ಗಾಳಿಯಾಡದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತಿರಬಲ್ಲವು. ಅವನ್ನು ಉಸಿರಿನೊಡನೆ ಒಳಗೆ ಸೆಳೆದುಕೊಂಡವನಿಗೆ ಸೋಂಕು ತಗಲಬಹುದು. ಹಾಗೆಂದು ಸೋಂಕು ತಗಲಿದವರೆಲ್ಲ ರೋಗಿಗಳಾಗುವುದಿಲ್ಲ. ದೇಹದ ರಕ್ಷಕ ಕಣಗಳು ಅಣುಜೀವಿಯನ್ನು ಸುತ್ತುಗಟ್ಟಿ ಸೆರೆಯಲ್ಲಿಡುತ್ತವೆ. ಹೀಗೆ ಸೋಂಕನ್ನು ಹೊತ್ತವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ತಲೆದೋರುತ್ತದೆ. ಅಪೌಷ್ಟಿಕತೆ, ಸಿಹಿಮೂತ್ರರೋಗ, ಧೂಮಪಾನ, ಮದ್ಯಪಾನ, ಎಚ್‌ಐವಿ ಸೋಂಕು ಇವು ಸೆರೆಮನೆಯ ಬಾಗಿಲನ್ನು ತೆರೆಯುವ ಕೀಲಿಕೈಗಳು.

ಇಲ್ಲಿ ಒಂದು ಮಾತನ್ನು ಅಡಿಗೆರೆ ಎಳೆದು ಓದಿರಿ. ತಟ್ಟೆ ಲೋಟಗಳಿಂದ, ಬಟ್ಟೆಬರೆಗಳಿಂದ, ಕೈಕುಲುಕುವುದರಿಂದ, ಒಂದೇ ಬೆಂಚಿನ ಮರವನ್ನು ಮುಟ್ಟುವುದರಿಂದ ಕ್ಷಯವು ಹರಡುವುದಿಲ್ಲ. ಅದು ಹರಡುವುದು ಗಾಳಿಯಿಂದ.

ಪರೀಕ್ಷೆ

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಲ್ಲದ ಕೆಮ್ಮು, ಸಂಜೆಯ ವೇಳೆಯ ಜ್ವರ, ರಾತ್ರಿಯ ಬೆವರು, ಹಸಿವು ಮತ್ತು ತೂಕ ಕುಂದುವುದು, ಕಫದಲ್ಲಿ ರಕ್ತ ಕಾಣುವುದು—ಇವು ಎಚ್ಚರಿಕೆಯ ಗಂಟೆಗಳು. ಆದರೆ ಲಕ್ಷಣಗಳಿಂದ ಮಾತ್ರವೇ ನಿರ್ಣಯಿಸಲಾಗದು. ಬೇರೆ ರೋಗಗಳಲ್ಲಿಯೂ ಇವು ಕಾಣಬಹುದು. ಆದುದರಿಂದ ಕಫವನ್ನು ಪರೀಕ್ಷಿಸಬೇಕು. ಬಾಯಿಯ ಎಂಜಲು ಇದಕ್ಕೆ ಸಲ್ಲದು. ದೀರ್ಘವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕು.

ಹಳೆಯ ವಿಧಾನವನ್ನು ಮೊದಲು ನೋಡೋಣ. ಗಾಜಿನ ಫಲಕದ ಮೇಲೆ ಕಫವನ್ನು ತೆಳುವಾಗಿ ಸವರಿ, ಕೆಂಪು ಬಣ್ಣವನ್ನು ಹಾಕಿ ಬಿಸಿಮಾಡುತ್ತಾರೆ. ಬಿಸಿಗೆ ಬಣ್ಣವು ಮೇಣದ ಹೊದಿಕೆಯೊಳಕ್ಕೆ ಇಳಿಯುತ್ತದೆ. ಬಳಿಕ ಆಮ್ಲದಿಂದ ತೊಳೆದರೆ ಉಳಿದೆಲ್ಲ ವಸ್ತುಗಳ ಬಣ್ಣ ಹೋಗುತ್ತದೆ. ಕ್ಷಯದ ಅಣುಜೀವಿ ಮಾತ್ರ ತನ್ನ ಕೆಂಪನ್ನು ಬಿಟ್ಟುಕೊಡುವುದಿಲ್ಲ. ಕೊನೆಗೆ ನೀಲಿ ಬಣ್ಣವನ್ನು ಹಾಕಿದಾಗ ನೀಲಿಯ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಸ್ಪಷ್ಟವಾಗಿ ಕಾಣುತ್ತವೆ. ಯಾವ ಕವಚವು ಅದನ್ನು ರಕ್ಷಿಸುತ್ತಿತ್ತೋ ಅದೇ ಕವಚವು ಅದರ ಗುಟ್ಟನ್ನು ಬಯಲು ಮಾಡುತ್ತದೆ! ಆದರೆ ಈ ವಿಧಾನದಲ್ಲಿ ಒಂದು ಕೊರತೆಯುಂಟು. ಒಂದು ಮಿಲಿಲೀಟರ್ ಕಫದಲ್ಲಿ ಹಲವು ಸಾವಿರ ಅಣುಜೀವಿಗಳಾದರೂ ಇರದಿದ್ದರೆ ಅವು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಕೃಷಿಪರೀಕ್ಷೆ. ಮೊಟ್ಟೆ ಮುಂತಾದವುಗಳಿಂದ ಸಿದ್ಧಪಡಿಸಿದ ಆಹಾರದ ಮೇಲೆ ಅಣುಜೀವಿಯನ್ನು ಬಿತ್ತಿ ಬೆಳೆಸುವ ಕ್ರಮವಿದು. ಬಹಳ ನಂಬಲರ್ಹವಾದುದು; ಆದರೆ ಬೆಳೆಯುವುದು ನಿಧಾನವಾದುದರಿಂದ ಫಲಿತಾಂಶಕ್ಕೆ ಎಂಟು ವಾರಗಳವರೆಗೂ ಕಾಯಬೇಕಾದೀತು. ಮೂರನೆಯದು ಈಚಿನ ಕಾಲದ್ದು. ಅಣುಜೀವಿಯ ಡಿಎನ್‌ಎಯನ್ನೇ ಯಂತ್ರದಲ್ಲಿ ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಈ ಪರೀಕ್ಷೆಗೆ ೨೦೧೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮನ್ನಣೆ ನೀಡಿತು. ಸುಮಾರು ಎರಡು ಗಂಟೆಗಳಲ್ಲಿ ರೋಗಾಣು ಇದೆಯೇ ಎಂಬುದು ಮಾತ್ರವಲ್ಲದೆ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಮಣಿಯುವುದೇ ಇಲ್ಲವೇ ಎಂಬುದೂ ತಿಳಿಯುತ್ತದೆ. ಟ್ರೂನ್ಯಾಟ್ ಎಂಬ ಇದೇ ಜಾತಿಯ ಯಂತ್ರವು ನಮ್ಮ ದೇಶದಲ್ಲಿಯೇ ನಿರ್ಮಾಣವಾದುದು. ಇವುಗಳ ಜೊತೆಗೆ ಎದೆಯ ಎಕ್ಸ್-ರೇ ಚಿತ್ರವೂ ಸಹಾಯಕವಾಗುತ್ತದೆ.

ಚಿಕಿತ್ಸೆ

೧೯೪೩ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಸ್ ಎಂಬ ತರುಣ ವಿದ್ಯಾರ್ಥಿಯು ಮಣ್ಣಿನ ಅಣುಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಬೇರ್ಪಡಿಸಿದನು. ಕ್ಷಯವನ್ನು ಎದುರಿಸಬಲ್ಲ ಮೊದಲ ಜೀವಿರೋಧಕ ಅದು. ಜನರು ಹಿಗ್ಗಿದರು. ಆದರೆ ಕೆಲವೇ ತಿಂಗಳಲ್ಲಿ ಗುಣಮುಖರಾಗುತ್ತಿದ್ದ ಅನೇಕರಿಗೆ ರೋಗ ಮರುಕಳಿಸಿತು. ಅಣುಜೀವಿಗಳು ಔಷಧಕ್ಕೆ ಮಣಿಯದೆ ಹೋದವು. ಏಕೆ? ಇದನ್ನು ಒಂದು ಲೆಕ್ಕದಿಂದ ತಿಳಿಯೋಣ.

ರೋಗಿಯ ಶ್ವಾಸಕೋಶದ ಒಂದು ಕುಳಿಯಲ್ಲಿ ಹತ್ತು ಕೋಟಿ ಅಣುಜೀವಿಗಳಿವೆಯೆಂದು ಇಟ್ಟುಕೊಳ್ಳಿ. ೧೯೫೨ರಿಂದ ಬಳಕೆಯಲ್ಲಿರುವ ಐಸೋನಿಯಜಿಡ್ ಎಂಬ ಔಷಧಕ್ಕೆ ಹುಟ್ಟಿನಿಂದಲೇ ಮಣಿಯದ ಅಣುಜೀವಿ ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಇರುತ್ತದೆ. ಹತ್ತು ಕೋಟಿಯನ್ನು ಹತ್ತು ಲಕ್ಷದಿಂದ ಭಾಗಿಸಿದರೆ ಬಂದ ಉತ್ತರ ನೂರು. ಈ ಔಷಧವೊಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು ಈ ನೂರು ಉಳಿಯುತ್ತವೆ. ಅವುಗಳ ಸಂತತಿಯೇ ಮತ್ತೆ ಕುಳಿಯನ್ನು ತುಂಬುತ್ತದೆ. ಈಗ ಎರಡನೆಯ ಔಷಧವಾದ ರಿಫಾಂಪಿಸಿನ್ನನ್ನೂ ಕೂಡಿಸಿ. ಅದಕ್ಕೆ ಮಣಿಯದಿರುವುದು ಸುಮಾರು ಹತ್ತು ಕೋಟಿಗೆ ಒಂದು. ಎರಡಕ್ಕೂ ಮಣಿಯದ ಅಣುಜೀವಿ ದೊರೆಯಬೇಕಾದರೆ ಹತ್ತು ಲಕ್ಷವನ್ನು ಹತ್ತು ಕೋಟಿಯಿಂದ ಗುಣಿಸಬೇಕು. ಎಂದರೆ ಕೋಟಿ ಕೋಟಿಗೆ ಒಂದು. ಹತ್ತು ಕೋಟಿಯ ಗುಂಪಿನಲ್ಲಿ ಅಂತಹದು ಇರುವ ಸಂಭವ ಬಹು ಕಡಿಮೆ. ಒಂದೇ ಔಷಧ ಸಾಲದು, ಹಲವು ಬೇಕು ಎಂಬುದರ ಗುಟ್ಟು ಇದೇ.

ಆದುದರಿಂದ ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಗಳನ್ನೂ, ಮುಂದಿನ ನಾಲ್ಕು ತಿಂಗಳು ಪೈರಜಿನಮೈಡನ್ನು ಬಿಟ್ಟು ಉಳಿದ ಮೂರನ್ನೂ ಪ್ರತಿದಿನ ಕೊಡುತ್ತಾರೆ. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಹಸಿವು ಹೆಚ್ಚಿ, ಮೈ ತುಂಬಿಕೊಳ್ಳುತ್ತದೆ. ಮೋಸ ಹೋಗುವ ಘಳಿಗೆ ಇದೇ. ಚುರುಕಾಗಿ ಬೆಳೆಯುತ್ತಿದ್ದ ಅಣುಜೀವಿಗಳು ಸತ್ತಿವೆ. ನಿದ್ರಿಸುತ್ತಿರುವವು ಇನ್ನೂ ಉಳಿದಿವೆ. ಅವುಗಳಿಗಾಗಿಯೇ ಉಳಿದ ನಾಲ್ಕು ತಿಂಗಳು. ರಿಫಾಂಪಿಸಿನ್ ಸೇವಿಸುವವರ ಮೂತ್ರ ಕಿತ್ತಳೆಯ ಬಣ್ಣವಾಗುವುದುಂಟು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಹಿಂದೆ ರೋಗಿಗಳನ್ನು ಮನೆಯವರಿಂದ ಅಗಲಿಸಿ ದೂರದ ಆರೋಗ್ಯಧಾಮಗಳಲ್ಲಿ ಇಡುತ್ತಿದ್ದರು. ೧೯೫೬ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರೋಗ್ಯಧಾಮದಲ್ಲಿಯೂ ಇನ್ನೊಂದಕ್ಕೆ ಅವರವರ ಮನೆಯಲ್ಲಿಯೂ ಒಂದೇ ಔಷಧವನ್ನು ಕೊಟ್ಟಿತು. ಗುಣವಾದವರ ಪ್ರಮಾಣದಲ್ಲಿ ಎರಡಕ್ಕೂ ಹೆಚ್ಚು ಅಂತರವಿರಲಿಲ್ಲ. ಮನೆಯಲ್ಲಿ ಚಿಕಿತ್ಸೆ ಪಡೆದವರ ಬಂಧುಗಳಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ೧೯೫೯ರಲ್ಲಿ ಪ್ರಕಟವಾದ ಈ ಫಲಿತಾಂಶವು ಜಗತ್ತಿನ ಕ್ಷಯಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು.

ತಡೆಯುವ ಉಪಾಯ

ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ವಿಜ್ಞಾನಿಗಳು ಹದಿಮೂರು ವರ್ಷಗಳ ಕಾಲ ಹಸುವಿನ ಕ್ಷಯಾಣುವನ್ನು ಮತ್ತೆ ಮತ್ತೆ ಬೆಳೆಸಿ ನಿರ್ವೀರ್ಯಗೊಳಿಸಿ ಬಿಸಿಜಿ ಲಸಿಕೆಯನ್ನು ಸಿದ್ಧಪಡಿಸಿದರು. ೧೯೨೧ರಲ್ಲಿ ಅದನ್ನು ಮೊದಲ ಬಾರಿಗೆ ಒಂದು ಶಿಶುವಿಗೆ ಕೊಡಲಾಯಿತು. ನಿಮ್ಮಲ್ಲಿ ಬಹುಮಂದಿಯ ಎಡತೋಳಿನ ಮೇಲಿರುವ ಚಿಕ್ಕ ಗುರುತು ಅದರದೇ. ಎಳೆಯ ಮಕ್ಕಳನ್ನು ಮಿದುಳುಪೊರೆಯ ಕ್ಷಯದಂತಹ ಘೋರರೂಪಗಳಿಂದ ಇದು ಕಾಪಾಡುತ್ತದೆ; ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯುವ ಶಕ್ತಿ ಇದಕ್ಕೆ ಸಾಲದು. ಆದುದರಿಂದ ಬೇರೆ ಎಚ್ಚರಗಳೂ ಬೇಕು. ಕೆಮ್ಮುವಾಗ ಬಾಯಿಗೆ ವಸ್ತ್ರವನ್ನು ಹಿಡಿಯುವುದು, ಕಂಡಲ್ಲಿ ಉಗುಳದಿರುವುದು, ಕಿಟಕಿಗಳನ್ನು ತೆರೆದು ಗಾಳಿಯಾಡಗೊಡುವುದು, ಹೊಟ್ಟೆ ತುಂಬ ಉಣ್ಣುವುದು, ರೋಗಿಯ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಂಡು ವೈದ್ಯರು ಹೇಳಿದರೆ ರೋಗನಿರೋಧಕ ಮಾತ್ರೆಗಳನ್ನು ನುಂಗುವುದು—ಇವೆಲ್ಲ ಮುಖ್ಯ. ಎಲ್ಲಕ್ಕಿಂತ ದೊಡ್ಡ ತಡೆಯೆಂದರೆ ರೋಗಿಯನ್ನು ಬೇಗ ಗುರುತಿಸಿ ಔಷಧವನ್ನು ಆರಂಭಿಸುವುದೇ. ಸರಿಯಾದ ಔಷಧವನ್ನು ತೆಗೆದುಕೊಂಡ ಎರಡು ವಾರಗಳ ಸುಮಾರಿಗೆ ಸಾಮಾನ್ಯ ಕ್ಷಯದ ರೋಗಿಯಿಂದ ಇತರರಿಗೆ ಹರಡುವ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಸರಕಾರಿ ಮತ್ತು ನಗರಪಾಲಿಕೆಯ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕಾಗಿ ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದರು. ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ರೂಪಾಯಿಗೆ ಏರಿಸಿದ್ದಾರೆ.

ಎರಡನೆಯ ಕಾರಣ

ಇನ್ನು ನಾವು ಹೇಳುವೆವೆಂದ ಎರಡನೆಯ ಕಾರಣ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ತಂದೆ ಉಪಾಹಾರಗೃಹವೊಂದರಲ್ಲಿ ದುಡಿಯುತ್ತಿದ್ದರು. ಅವರಿಗೆ ಕ್ಷಯವಾಗಿದೆಯೆಂಬ ಸುದ್ದಿ ಕಿವಿಗೆ ಬಿದ್ದೊಡನೆ ನಾವು ಆ ಹುಡುಗನನ್ನು ಕೊನೆಯ ಬೆಂಚಿಗೆ ಕಳುಹಿಸಿ, ನೀರಿನ ಲೋಟವನ್ನು ಮನೆಯಿಂದ ತರಲು ಹೇಳಿದೆವು. ಉಳಿದ ಮಕ್ಕಳ ಹಿತಕ್ಕಾಗಿಯೇ ಹೀಗೆ ಮಾಡುತ್ತಿರುವೆವೆಂದು ನಂಬಿದ್ದೆವು. ಅವನು ಮಾರನೆಯ ದಿನ ಮೇಜಿನ ಬಳಿ ಬಂದು, “ಗುರುಗಳೇ, ನನಗೆ ಏನೂ ಇಲ್ಲವೆಂದು ಪರೀಕ್ಷೆಯಲ್ಲಿ ಬಂದಿದೆ. ನಾನು ನನ್ನ ಜಾಗಕ್ಕೆ ಯಾವಾಗ ಬರಲಿ?” ಎಂದು ಕೇಳಿದನು. ನಮಗೆ ಉತ್ತರ ತಿಳಿದಿರಲಿಲ್ಲ. ನೋಡೋಣವೆಂದೆವು.

ಮಗನಿಗೆ ಆದ ಅವಮಾನ ತಂದೆಯನ್ನು ಮುಟ್ಟಿತು. ಮಾತ್ರೆ ತರಲು ಹೋದರೆ ಇನ್ನಾರಾದರೂ ಕಂಡಾರೆಂದು ಅಂಜಿ, ಎರಡು ತಿಂಗಳು ತುಂಬಿ ಕೆಮ್ಮು ನಿಂತಾಗ ಅವರು ಕೇಂದ್ರಕ್ಕೆ ಹೋಗುವುದನ್ನೇ ಬಿಟ್ಟರು. ಮುಂದಿನ ವರ್ಷ ರೋಗ ಮರಳಿತು. ಈ ಬಾರಿಯ ಅಣುಜೀವಿ ಮೊದಲಿನ ಔಷಧಗಳಿಗೆ ಮಣಿಯಲಿಲ್ಲ. ಬಹುಕಾಲದ ಕಠಿಣ ಚಿಕಿತ್ಸೆಯ ಬಳಿಕ ಅವರು ಬದುಕಿಕೊಂಡರು. ಆದರೆ ಮೆಟ್ಟಿಲು ಹತ್ತುವ ಶಕ್ತಿ ಉಳಿಯಲಿಲ್ಲ. ಕುಟುಂಬವು ಊರಿಗೆ ಹಿಂತಿರುಗಿತು. ಹುಡುಗನು ಹತ್ತನೆಯ ತರಗತಿಯನ್ನು ನಮ್ಮಲ್ಲಿ ಮುಗಿಸಲಾಗಲಿಲ್ಲ.

ಆರೋಗ್ಯಕೇಂದ್ರದ ವೈದ್ಯರಿಂದ ಇವೆಲ್ಲವನ್ನೂ ಕೇಳಿ ತಿಳಿದಾಗ ನಮಗೆ ತಲೆಯೆತ್ತಲಾಗಲಿಲ್ಲ. ತಿಳಿಯದೆ ಮಾಡಿದ ತಪ್ಪಾದರೂ ಅದು ತಪ್ಪೇ. ಈ ಪಾಠವನ್ನು ನಾವು ಆಗಲೇ ಓದಿದ್ದರೆ ಆ ಹುಡುಗನು ತನ್ನ ಜಾಗದಲ್ಲಿಯೇ ಕುಳಿತಿರುತ್ತಿದ್ದನು.

ಮಕ್ಕಳೇ, ನಿಮ್ಮ ತಂದೆತಾಯಿಗಳಲ್ಲಿ ಅನೇಕರಿಗೆ ಆಸ್ಪತ್ರೆಯ ಮರಾಠಿ, ಇಂಗ್ಲಿಷ್ ಚೀಟಿಗಳನ್ನು ಓದಿ ಹೇಳುವವರು ನೀವೇ. ಮನೆಯಲ್ಲಿಯಾಗಲಿ ನೆರೆಯಲ್ಲಿಯಾಗಲಿ ಎರಡು ವಾರ ಮೀರಿದ ಕೆಮ್ಮು ಕೇಳಿಸಿದರೆ ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿರಿ. ಔಷಧ ಆರಂಭವಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಹಾಕಿ ಆರು ತಿಂಗಳೂ ಲೆಕ್ಕ ಇಡಿರಿ; ಊರಿನ ಜಾತ್ರೆಗೆ ಹೊರಟರೂ ಮಾತ್ರೆಯ ಪೊಟ್ಟಣ ಚೀಲದಲ್ಲಿರಲಿ. ರೋಗಿಯ ಪಕ್ಕದಲ್ಲಿ ಕುಳಿತು, ಕಿಟಕಿ ತೆರೆದು, ಧೈರ್ಯ ಹೇಳಿರಿ. ರೋಗಾಣುವನ್ನು ದೂರವಿಡಬೇಕು; ಮನುಷ್ಯನನ್ನು ಅಲ್ಲ.

ಅಭ್ಯಾಸದ ಪ್ರಶ್ನೆಗಳು

೧. ಕ್ಷಯದ ಅಣುಜೀವಿಯ ಮೇಣದ ಹೊದಿಕೆಯು ಪರೀಕ್ಷೆಗೆ ಹೇಗೆ ನೆರವಾಗುತ್ತದೆ?
೨. ಕ್ಷಯಕ್ಕೆ ಒಂದೇ ಔಷಧವನ್ನು ಕೊಟ್ಟರೆ ಆಗುವುದೇನು? ಲೆಕ್ಕದ ಮೂಲಕ ವಿವರಿಸಿರಿ.
೩. ಮದರಾಸಿನ ಪ್ರಯೋಗವು ಏನನ್ನು ತೋರಿಸಿಕೊಟ್ಟಿತು?
೪. ಆ ಹುಡುಗನ ಪ್ರಶ್ನೆಗೆ ಅಂದು ಗುರುಗಳು ಯಾವ ಉತ್ತರವನ್ನು ಕೊಡಬೇಕಾಗಿತ್ತು? ಕಾರಣಸಹಿತ ಬರೆಯಿರಿ.