ರೇಡಿಯೋ ಮಾದರಿ ವಿಮಾನ: ಶಿಕ್ಷಕನ ಕೈಕೆಳಗೆ ಕಲಿಯುವ ಕ್ರಮ

ನಮ್ಮಲ್ಲಿ ಅನೇಕರು ಈಜು ಕಲಿತದ್ದು ಊರ ಬಾವಿಯಲ್ಲಿ, ಇಲ್ಲವೆ ಕೆರೆಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತ ಸೋದರಮಾವನ ಕೈಯಲ್ಲಿ. ಮಾವ ಹಗ್ಗವನ್ನು ಬಿಗಿಯಾಗಿಯೇ ಹಿಡಿದಿದ್ದರೆ ಹುಡುಗ ಕೈಕಾಲು ಬಡಿಯಲು ಕಲಿಯುವುದಿಲ್ಲ. ಪೂರಾ ಬಿಟ್ಟುಬಿಟ್ಟರೆ ಮುಳುಗುತ್ತಾನೆ. ಯಾವಾಗ ಸಡಿಲ ಬಿಡಬೇಕು, ಯಾವಾಗ ಎಳೆಯಬೇಕು ಎಂಬುದರಲ್ಲಿ ಕಲಿಸುವವನ ಜಾಣ್ಮೆಯೆಲ್ಲ ಅಡಗಿದೆ. ಈ ಪಾಠದ ವಿಷಯ ನೀರಲ್ಲ, ಗಾಳಿ. ಆದರೆ ಹಗ್ಗ ಹಿಡಿದ ಕೈ ಇಲ್ಲಿಯೂ ಉಂಟು.

ರೇಡಿಯೋ ಅಲೆಗಳ ಮೂಲಕ ನೆಲದಿಂದಲೇ ನಡೆಸುವ ಮಾದರಿ ವಿಮಾನಗಳ ವಿಚಾರ ಹೊಸದಲ್ಲ. ಅಮೆರಿಕದ ಮಿಶಿಗನ್ ಪ್ರಾಂತದ ಕಲಮಜೂ ಊರಿನ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1937ರಲ್ಲಿಯೇ ಇಂಥ ವಿಮಾನವನ್ನು ಹಾರಿಸಿದ್ದರು. ಬ್ರಿಟನ್ನಿನಲ್ಲಿ ಮಾದರಿ ವಿಮಾನದವರ ರಾಷ್ಟ್ರೀಯ ಸಂಘ 1922ರಷ್ಟು ಹಳೆಯದು. ಅದರ ಈಗಿನ ಹೆಸರು ಬ್ರಿಟಿಷ್ ಮಾಡೆಲ್ ಫ್ಲೈಯಿಂಗ್ ಅಸೋಸಿಯೇಷನ್. ಅದರ ಕೆಳಗೆ ನೂರಾರು ಕ್ಲಬ್ಬುಗಳಿವೆ. ಅಲ್ಲಿ ಕಲಿಕೆಗೆ ಗೊತ್ತಾದ ಮೆಟ್ಟಿಲುಗಳಿರುವುದರಿಂದ ಆ ಕ್ರಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲಿಗೆ ಒಂದು ಮಾತನ್ನು ಮನಗಾಣಬೇಕು. ಇದು ಆಟವಾದರೂ ಆಟಿಕೆಯಲ್ಲ. ಕಲಿಯುವವರ ಸಾಮಾನ್ಯ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು ಒಂದೂವರೆ ಮೀಟರು; ತೂಕ ಎರಡು, ಎರಡೂವರೆ ಕಿಲೋ ಇರಬಹುದು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಬರುವ ಇಂಥ ವಸ್ತು ಯಾರ ತಲೆಗಾದರೂ ಬಡಿದರೆ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ. ಮೂತಿಯಲ್ಲಿ ತಿರುಗುವ ಪ್ರೊಪೆಲರು ಬೆರಳನ್ನು ಕತ್ತರಿಸಬಲ್ಲದು. ಆದುದರಿಂದಲೇ ಕ್ಲಬ್ಬಿನ ಸದಸ್ಯತ್ವದೊಡನೆ ವಿಮೆಯೂ ಇರುತ್ತದೆ. 2019ರಿಂದೀಚೆಗೆ ಬ್ರಿಟನ್ನಿನಲ್ಲಿ ಇಷ್ಟು ತೂಕದ ವಿಮಾನ ಹಾರಿಸುವವನು ಕಾಯಿದೆಯ ತಿಳಿವಳಿಕೆಯ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಿ ಗುರುತಿನ ಸಂಖ್ಯೆ ಪಡೆಯಬೇಕಾಗಿದೆ.

ಕಲಿಕೆಗೆ ತಕ್ಕ ವಿಮಾನ

ಹೊಸಬನು ಯುದ್ಧವಿಮಾನದ ಮಾದರಿಯನ್ನು ಕಂಡು ಮರುಳಾಗುವುದು ಸಹಜ. ಶಿಕ್ಷಕನು ಮಾಡುವ ಮೊದಲ ಉಪಕಾರವೆಂದರೆ ಅದನ್ನು ಕೊಳ್ಳದಂತೆ ತಡೆಯುವುದು. ಕಲಿಕೆಯ ವಿಮಾನದ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿ ಕೂತಿರುತ್ತದೆ. ಎರಡು ತುದಿಗಳೂ ನಡುವಿಗಿಂತ ತುಸು ಮೇಲೆದ್ದಿರುತ್ತವೆ. ಇದರಿಂದ, ಕೈತಪ್ಪಿ ವಿಮಾನ ವಾಲಿದರೂ ತಾನಾಗಿಯೇ ನೆಟ್ಟಗಾಗುವ ಸ್ವಭಾವ ಅದಕ್ಕೆ ಬರುತ್ತದೆ. ಹಿಂದೆ ಇವುಗಳನ್ನು ಬಾಲ್ಸಾ ಎಂಬ ಹಗುರ ಮರದಿಂದ ಕಟ್ಟಿ ಸಣ್ಣ ಇಂಜಿನ್ನು ಹೂಡುತ್ತಿದ್ದರು. ಈಗ ನೊರೆಪ್ಲಾಸ್ಟಿಕ್ಕಿನ ಒಡಲು, ವಿದ್ಯುತ್ ಮೋಟಾರು, ಲಿಥಿಯಂ ಬ್ಯಾಟರಿ ಹೆಚ್ಚು ಬಳಕೆಯಲ್ಲಿವೆ. ಮುರಿದರೆ ಅಂಟು ಹಚ್ಚಿ ಸರಿಪಡಿಸುವುದು ಸುಲಭ.

ಕೊಳ್ಳುವ ಮೊದಲು ಕೇಳಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನಲ್ಲಿ ಎರಡು ಕಡ್ಡಿಗಳಿರುತ್ತವೆ. ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲು, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲೆರಾನು, ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರು, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರು, ಈ ನಾಲ್ಕೂ ಆ ಎರಡು ಕಡ್ಡಿಗಳಲ್ಲಿ ಹಂಚಿಹೋಗಿವೆ. ಥ್ರಾಟಲು ಎಡಗೈಗೆ ಬರುವುದು ಒಂದು ಪದ್ಧತಿ, ಬಲಗೈಗೆ ಬರುವುದು ಇನ್ನೊಂದು. ಶಿಕ್ಷಕನ ಪದ್ಧತಿ ಯಾವುದೋ ಅದನ್ನೇ ಕೊಳ್ಳುವುದು ಲೇಸು. ಇಲ್ಲವಾದರೆ ಕಲಿಸಲು ಅವನಿಗೂ ಕಷ್ಟ, ಕಲಿಯಲು ಇವನಿಗೂ ಕಷ್ಟ.

ನೆಲದ ಮೇಲಿನ ಪಾಠ

ಮೊದಲ ದಿನ ಬಹುಹೊತ್ತು ನೆಲದ ಮೇಲೆಯೇ ಕಳೆಯುತ್ತದೆ. ತೂಕದ ಸಮತೋಲ ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ, ತಯಾರಕರು ಹೇಳಿದ ಸ್ಥಳದಲ್ಲಿ ನಿಲ್ಲುತ್ತದೆಯೇ ಎಂದು ಬೆರಳ ತುದಿಯ ಮೇಲೆ ಎತ್ತಿ ನೋಡಬೇಕು. ಮೂಗು ಭಾರವಾದ ವಿಮಾನ ಹೇಗೋ ಹಾರೀತು. ಬಾಲ ಭಾರವಾದುದು ಒಂದೇ ಸಲ ಹಾರೀತು ಎಂದು ಅನುಭವಸ್ಥರು ಹೇಳುವುದುಂಟು.

ಟ್ರಾನ್ಸ್‌ಮಿಟರನ್ನು ಮೊದಲು ಹಚ್ಚಿ ಬಳಿಕ ವಿಮಾನದ ಬ್ಯಾಟರಿ ಜೋಡಿಸಬೇಕು. ಆರಿಸುವಾಗ ಬ್ಯಾಟರಿ ಮೊದಲು, ಟ್ರಾನ್ಸ್‌ಮಿಟರು ಕೊನೆಗೆ. ಬ್ಯಾಟರಿ ಜೋಡಿಸಿದ ಕ್ಷಣದಿಂದ ಪ್ರೊಪೆಲರು ತಿರುಗಲಿ ಬಿಡಲಿ, ಅದರ ಮುಂದೆ ಕೈ ತರಬಾರದು. ಕಡ್ಡಿಯನ್ನು ಬಲಕ್ಕೆ ಒತ್ತಿದಾಗ ಬಲರೆಕ್ಕೆಯ ಐಲೆರಾನು ಮೇಲೇಳಬೇಕು. ಅದು ಕೆಳಗಿಳಿದರೆ ಜೋಡಣೆ ತಿರುಗಾಮುರುಗಾ ಆಗಿದೆಯೆಂದು ಅರ್ಥ. ರೇಡಿಯೋ ಸಂಪರ್ಕ ಕಡಿದುಹೋದಲ್ಲಿ ಮೋಟಾರು ತಾನೇ ನಿಲ್ಲುವಂತೆ ಏರ್ಪಾಡಾಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಈ ಕೆಲಸಗಳನ್ನು ಶಿಕ್ಷಕ ತಾನೇ ಮಾಡಿಬಿಡುವುದಿಲ್ಲ. ಶಿಷ್ಯ ಮಾಡುತ್ತಾನೆ, ಅವನು ನೋಡುತ್ತ ನಿಲ್ಲುತ್ತಾನೆ.

ಹಗ್ಗ ಹಿಡಿದ ಕೈ

ಹಾರಾಟದ ಪಾಠಕ್ಕೆ ಎರಡು ಟ್ರಾನ್ಸ್‌ಮಿಟರುಗಳನ್ನು ಒಂದಕ್ಕೊಂದು ಹೊಂದಿಸುತ್ತಾರೆ. ಹಿಂದೆ ಇದಕ್ಕೆ ತಂತಿ ಬೇಕಿತ್ತು; ಈಗ ತಂತಿಯಿಲ್ಲದೆಯೂ ಆಗುತ್ತದೆ. ಶಿಕ್ಷಕನ ಟ್ರಾನ್ಸ್‌ಮಿಟರಿನಲ್ಲಿ ಸ್ಪ್ರಿಂಗು ಇರುವ ಒಂದು ಗುಂಡಿ ಉಂಟು. ಅದನ್ನು ಅವನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಶಿಷ್ಯನ ಮಾತು ಕೇಳುತ್ತದೆ. ಬೆರಳು ಸಡಿಲಿಸಿದೊಡನೆ ಶಿಕ್ಷಕನ ಕೈಗೆ ಮರಳುತ್ತದೆ. ಗುಂಡಿಯನ್ನು ಹೀಗೆ ಮಾಡಿರುವುದರಲ್ಲಿ ವಿವೇಕವಿದೆ. ಶಿಕ್ಷಕ ಗಾಬರಿಯಾದರೂ, ಬೆರಳು ಜಾರಿದರೂ, ವಿಮಾನ ಬಲ್ಲವನ ಕೈಗೇ ಬರುತ್ತದೆ.

ಶಿಕ್ಷಕ ತಾನೇ ವಿಮಾನವನ್ನು ಏರಿಸಿ, ಎರಡು ತಪ್ಪಿಗೆ ಸಾಲುವಷ್ಟು ಎತ್ತರಕ್ಕೆ ಒಯ್ದು, ನೆಟ್ಟಗೆ ನಿಲ್ಲಿಸಿ, ಬಳಿಕ ಶಿಷ್ಯನಿಗೆ ಒಪ್ಪಿಸುತ್ತಾನೆ. ಎರಡು ತಪ್ಪೆಂದೇಕೆ? ಮೊದಲನೆಯದು ಶಿಷ್ಯ ಮಾಡುವ ತಪ್ಪು. ಎರಡನೆಯದು ಅದನ್ನು ತಿದ್ದಲು ಹೋಗಿ ಗಾಬರಿಯಲ್ಲಿ ಮಾಡುವ ತಪ್ಪು. ನೆಲಕ್ಕೆ ಸಮೀಪವಿದ್ದರೆ ಎರಡನೆಯದಕ್ಕೆ ಅವಕಾಶವೇ ಇರುವುದಿಲ್ಲ.

ಹೊಸಬನು ಕಡ್ಡಿಯನ್ನು ಮೋಟಾರುಗಾಡಿಯ ಚಕ್ರದಂತೆ ತಿರುವಿನುದ್ದಕ್ಕೂ ಒತ್ತಿ ಹಿಡಿಯುತ್ತಾನೆ, ವಿಮಾನ ಮಗುಚುತ್ತದೆ. ಸರಿಯಾದ ಕ್ರಮ ಬೇರೆ. ಕಡ್ಡಿಯನ್ನು ತುಸುವೇ ಒತ್ತಿ ವಿಮಾನವನ್ನು ವಾಲಿಸಬೇಕು. ವಾಲಿದೊಡನೆ ಕಡ್ಡಿಯನ್ನು ನಡುವಿಗೆ ಬಿಡಬೇಕು. ಮೂಗು ಇಳಿಯದಂತೆ ಎಲಿವೇಟರನ್ನು ಸ್ವಲ್ಪ ಎಳೆದಿಡಬೇಕು. ತಿರುವು ಮುಗಿದಾಗ ಎದುರು ದಿಕ್ಕಿಗೆ ಒತ್ತಿ ನೆಟ್ಟಗೆ ಮಾಡಬೇಕು.

ಎಡ ಬಲಗಳ ತೊಡಕು

ಎಲ್ಲರನ್ನೂ ಕಾಡುವ ತೊಡಕು ಒಂದಿದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ಅದೇ ವಿಮಾನ ತಿರುಗಿ ನಮ್ಮ ಕಡೆಗೆ ಬರುವಾಗ ಅದರ ಬಲ ನಮಗೆ ಎಡವಾಗುತ್ತದೆ. ಎದುರು ಕುಳಿತವನ ತಲೆ ಬಾಚುವಾಗ ಬೈತಲೆ ಅತ್ತಿತ್ತ ಆದಂತೆ! ಕಲಿಯುವವನು ಸರಿಪಡಿಸಲೆಂದು ಒತ್ತಿದ ಕಡ್ಡಿ ವಿಮಾನವನ್ನು ಇನ್ನಷ್ಟು ವಾಲಿಸುತ್ತದೆ. ಇದಕ್ಕೆ ಶಿಕ್ಷಕರು ಹೇಳಿಕೊಡುವ ಉಪಾಯ ಸರಳವಾದುದು. ವಿಮಾನ ಎದುರು ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿಯನ್ನು ಒತ್ತಬೇಕು. ಕುಸಿಯುವ ಚಪ್ಪರಕ್ಕೆ ಆ ಕಡೆಯಿಂದ ಊರುಗೋಲು ಕೊಟ್ಟಂತೆ. ಕೆಲವು ವಾರಗಳ ಬಳಿಕ ಈ ಉಪಾಯವೂ ಬೇಡವಾಗುತ್ತದೆ. ಕೈ ತಾನೇ ಅರಿತುಕೊಳ್ಳುತ್ತದೆ.

ಗಾಳಿ ಮಾಡುವ ಮೋಸ

ರೆಕ್ಕೆಗೆ ತಿಳಿಯುವುದು ಗಾಳಿಯೊಳಗಿನ ವೇಗ; ನೆಲದಲ್ಲಿ ನಿಂತವನ ಕಣ್ಣಿಗೆ ಕಾಣುವುದು ನೆಲದ ಮೇಲಿನ ವೇಗ. ಲೆಕ್ಕ ಹಾಕಿ ನೋಡೋಣ. ವಿಮಾನದ ವೇಗ ಗಂಟೆಗೆ 50 ಕಿಲೋಮೀಟರು, ಗಾಳಿಯ ವೇಗ 15 ಎಂದಿಟ್ಟುಕೊಳ್ಳಿ. ಗಾಳಿಗೆ ಎದುರಾಗಿ ಹೋಗುವಾಗ ನಮಗೆ 35ರಂತೆ ಕಾಣುತ್ತದೆ. ಗಾಳಿಯ ಜೊತೆಗೆ ಹೋಗುವಾಗ 65ರಂತೆ ಕಾಣುತ್ತದೆ. ಎರಡು ಸಲವೂ ರೆಕ್ಕೆಗೆ ಸಿಗುವುದು 50ರ ವೇಗವೇ. ಇದನ್ನರಿಯದ ಹೊಸಬನು ಗಾಳಿಯ ಜೊತೆಗೆ ಓಡುವ ವಿಮಾನವನ್ನು ಕಂಡು ಹೆದರಿ ಮೋಟಾರನ್ನು ತಗ್ಗಿಸಿ ಮೂಗನ್ನು ಎತ್ತುತ್ತಾನೆ. ವೇಗ ಕುಗ್ಗಿ, ರೆಕ್ಕೆ ಗಾಳಿಯನ್ನು ಸೀಳುವ ಕೋನ ಮಿತಿಮೀರಿದಾಗ ಮೇಲೆತ್ತುವ ಬಲ ತಟ್ಟನೆ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎಂದು ಹೆಸರು. ವಿಮಾನ ಬೀಳತೊಡಗಿದಾಗ ಕೈ ಸಹಜವಾಗಿ ಇನ್ನೂ ಮೇಲಕ್ಕೆ ಎಳೆಯುತ್ತದೆ, ಅದೇ ಕೆಡುಕು. ಮೂಗನ್ನು ಇಳಿಸಿ, ಮೋಟಾರಿಗೆ ಬಲ ಕೊಟ್ಟು, ವೇಗ ಬಂದ ಮೇಲೆ ಮೆಲ್ಲನೆ ಎತ್ತುವುದೇ ಪರಿಹಾರ. ಶಿಕ್ಷಕ ಇದನ್ನು ಬೇಕೆಂದೇ ಎತ್ತರದಲ್ಲಿ ಮಾಡಿ ತೋರಿಸಿ, ಶಿಷ್ಯನಿಂದಲೂ ಮಾಡಿಸುತ್ತಾನೆ.

ಇಳಿಸುವುದು ಮತ್ತು ಪರೀಕ್ಷೆ

ಏರಿಸುವುದಕ್ಕಿಂತ ಇಳಿಸುವುದು ಕಷ್ಟ. ಮೈದಾನದ ಸುತ್ತ ಚೌಕವಾಗಿ ಬಂದು, ಗಾಳಿಗೆ ಮುಖಮಾಡಿ, ಮೋಟಾರು ತಗ್ಗಿಸಿ ಇಳಿಯುತ್ತ, ನೆಲ ಹತ್ತಿರವಾದಾಗ ಮೂಗನ್ನು ತುಸುವೇ ಎತ್ತಿ ಚಕ್ರ ಮುಟ್ಟಿಸಬೇಕು. ಸಂಶಯ ಬಂದರೆ ಹಟ ಮಾಡದೆ ಮೋಟಾರಿಗೆ ಬಲ ಕೊಟ್ಟು ಇನ್ನೊಂದು ಸುತ್ತು ಹೋಗುವುದೇ ಮೇಲು. ಅದಕ್ಕೆ ಬ್ಯಾಟರಿಯಲ್ಲಿ ಕಸುವು ಉಳಿದಿರಬೇಕಾದುದರಿಂದ ಟ್ರಾನ್ಸ್‌ಮಿಟರಿನ ಗಂಟೆಯನ್ನು ಮೊದಲೇ ಬಾರಿಸುವಂತೆ ಇಟ್ಟಿರುತ್ತಾರೆ.

ಬ್ರಿಟನ್ನಿನ ಸಂಘದ ಮೊದಲ ಮೆಟ್ಟಿಲು ‘ಎ’ ಪ್ರಮಾಣಪತ್ರ. ಪರೀಕ್ಷೆಯಲ್ಲಿ ಶಿಷ್ಯನು ಹಾರಾಟಕ್ಕೆ ಮುಂಚಿನ ತಪಾಸಣೆ ಮಾಡಿ ತೋರಿಸಬೇಕು. ಏರಿಸಿ, ತನ್ನ ಮುಂದೆಯೇ ಗೆರೆ ಕೂಡುವಂತೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಒಂದೇ ಎತ್ತರದಲ್ಲಿ ಹಾರಿಸಬೇಕು. ಚೌಕದ ಸುತ್ತು ಬಂದು ಇಳಿಸಬೇಕು. ಮತ್ತೆ ಏರಿಸಿ ಎದುರು ದಿಕ್ಕಿನಲ್ಲಿ ಸುತ್ತು ಬರಬೇಕು. ಕೊನೆಗೆ ಮೋಟಾರು ನಿಂತಿದೆಯೆಂದು ಭಾವಿಸಿ ತೇಲಿಸುತ್ತ ಇಳಿಸಬೇಕು. ಸುರಕ್ಷತೆಯ ಬಗೆಗೆ ಬಾಯಿಪಾಠದ ಪ್ರಶ್ನೆಗಳೂ ಉಂಟು. ಇಲ್ಲಿ ಚಮತ್ಕಾರದ ಹಾರಾಟ ಯಾವುದೂ ಇಲ್ಲ. ಪಕ್ಕದಲ್ಲಿ ಯಾರೂ ಹಗ್ಗ ಹಿಡಿಯದೆ, ಇತರರಿಗೆ ಅಪಾಯವಾಗದಂತೆ ಇವನು ಹಾರಿಸಬಲ್ಲನೇ ಎಂಬುದಷ್ಟೇ ಪ್ರಶ್ನೆ.

‘ತೆಗೆದುಕೊಳ್ಳಿ’ ಎಂಬ ಮಾತು

ಇಷ್ಟೆಲ್ಲ ಪಾಠಗಳಲ್ಲಿ ಮುಖ್ಯವಾದುದು ಯಾವುದೆಂದು ಕೇಳಿದರೆ, ಕಡ್ಡಿಯ ಕೆಲಸ ಯಾವುದೂ ಅಲ್ಲವೆನ್ನಬೇಕು. ವಿಮಾನ ಕೈಮೀರುತ್ತಿದೆ ಎನಿಸಿದ ಕ್ಷಣದಲ್ಲಿ ಶಿಕ್ಷಕನಿಗೆ ಗಟ್ಟಿಯಾಗಿ ‘ತೆಗೆದುಕೊಳ್ಳಿ’ ಎಂದು ಹೇಳುವುದೇ ಆ ಪಾಠ. ಹುಡುಗರು ಇದನ್ನು ಬೇಗ ಕಲಿಯುತ್ತಾರೆ. ನಲವತ್ತು ದಾಟಿದವರಿಗೆ, ಕಚೇರಿಯಲ್ಲಿ ನಾಲ್ಕು ಜನರ ಮೇಲೆ ಅಧಿಕಾರ ನಡೆಸಿದವರಿಗೆ, ಇದು ಬಾಯಿಗೆ ಬರುವುದಿಲ್ಲ. ಇನ್ನೆರಡು ಕ್ಷಣ ನೋಡೋಣ, ನಾನೇ ಸರಿಮಾಡಿಯೇನು ಎಂದುಕೊಳ್ಳುತ್ತಾರೆ. ಗಂಟೆಗೆ 50 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಎರಡು ಕ್ಷಣದ ನಾಚಿಕೆಗೆ ಇಪ್ಪತ್ತೆಂಟು ಮೀಟರು ಎತ್ತರ ಹೋಗಬಹುದು. ಅಷ್ಟರ ಮೇಲೆ ಬಲ್ಲವನ ಕೈಗೆ ಬಂದರೂ ಉಪಯೋಗವಿಲ್ಲ. ತಿಂಗಳುಗಟ್ಟಲೆ ಉಳಿಸಿದ ಹಣ ಮಣ್ಣುಪಾಲಾಗುತ್ತದೆ. ಕೆಳಗೆ ಮನುಷ್ಯರಿದ್ದರೆ ಹಣದ ಮಾತೇ ಬರುವುದಿಲ್ಲ.

ಹೊಸ ಊರಿಗೆ ಬಂದು ಹೊಸ ಯಂತ್ರದ ಮುಂದೆಯೋ ಹೊಸ ಲೆಕ್ಕದ ಪುಸ್ತಕದ ಮುಂದೆಯೋ ನಿಂತವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ತಿಳಿಯದೆಂದು ಹೊತ್ತಿಗೆ ಸರಿಯಾಗಿ ಹೇಳಿದವನು ಕೆಲಸ ಕಲಿಯುತ್ತಾನೆ.

ನಮ್ಮ ದೇಶದಲ್ಲಿ

ಇಲ್ಲಿ ಕಲಿಯಬಯಸುವವರು ಮೊದಲು ಸ್ಥಳದ ವಿಚಾರ ಮಾಡಬೇಕು. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿವೆ. ಕೆಂಪಿನಲ್ಲಿ ಕೇಂದ್ರ ಸರಕಾರದ ಅಪ್ಪಣೆಯಿಲ್ಲದೆ, ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಕರ ಅಪ್ಪಣೆಯಿಲ್ಲದೆ ಹಾರಿಸುವಂತಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 12 ಕಿಲೋಮೀಟರಿನೊಳಗೆ ಕಟ್ಟುಪಾಡು ಹೆಚ್ಚು. ಮುಂಬಯಿ, ದೆಹಲಿಗಳಂಥ ನಗರಗಳಲ್ಲಿ ಪೊಲೀಸರ ನಿಷೇಧಾಜ್ಞೆಗಳೂ ಆಗಾಗ ಹೊರಡುತ್ತವೆ. ಆದುದರಿಂದ ಮನೆಯ ಹತ್ತಿರದ ಮೈದಾನದಲ್ಲಿ ಒಬ್ಬರೇ ಹಾರಿಸಹೊರಡುವುದು ತರವಲ್ಲ. ಊರ ಹೊರಗೆ ಅನುಮತಿಯಿರುವ ಜಾಗದಲ್ಲಿ ಹಾರಿಸುವ ಅನುಭವಸ್ಥರ ಗುಂಪನ್ನು ಹುಡುಕಿ ಸೇರಬೇಕು. ಅಲ್ಲಿಯವರೆಗೆ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಎಡಬಲದ ತೊಡಕನ್ನು ಬಿಡಿಸಿಕೊಳ್ಳಬಹುದು. ಅಲ್ಲಿ ಎಷ್ಟು ಸಲ ಬಿದ್ದರೂ ಕಾಸು ಖರ್ಚಿಲ್ಲ. ಕಾಲೇಜಿಗೆ ಹೋಗುವ ಮಕ್ಕಳಿದ್ದವರು ಎನ್.ಸಿ.ಸಿ.ಯ ವಾಯು ವಿಭಾಗದ ವಿಷಯ ವಿಚಾರಿಸಬಹುದು. ಮಾದರಿ ವಿಮಾನ ಕಟ್ಟುವುದೂ ಹಾರಿಸುವುದೂ ಅಲ್ಲಿಯ ಶಿಕ್ಷಣದಲ್ಲಿ ಸೇರಿವೆ.

ಒಂದು ಭಾನುವಾರ ಶಿಕ್ಷಕನು ಎರಡನೆಯ ಟ್ರಾನ್ಸ್‌ಮಿಟರನ್ನು ಪೆಟ್ಟಿಗೆಯಿಂದ ತೆಗೆಯುವುದೇ ಇಲ್ಲ. ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಾನೆ. ಬಾವಿಯಲ್ಲಿ ಮಾವ ಹಗ್ಗ ಬಿಚ್ಚಿದ ದಿನವೂ ಹಾಗೆಯೇ ಇತ್ತಲ್ಲವೆ? ಮಾವ ಮನೆಗೆ ಹೋಗಲಿಲ್ಲ; ಮೆಟ್ಟಿಲ ಮೇಲೆಯೇ ಕುಳಿತಿದ್ದ.