ಇಂದಿನ ಧಮ್ಮ ಚಿಂತನೆ: ಹತ್ತು ದಿನದ ಪಾತ್ರೆ



ಅಟ್ಟ ಖಾಲಿ ಮಾಡಲು ಹೊರಟರೆ ಮುರಿದ ಸಾಮಾನು ಸುಲಭವಾಗಿ ಹೊರಗೆ ಹೋಗುತ್ತದೆ. ಕೈ ತಡೆಯುವುದು ಒಳ್ಳೆಯ ಸಾಮಾನಿನ ಮುಂದೆ. "ಇದು ತಂಗಿಗೆ ಆಗುತ್ತೆ" ಎಂದು ಮತ್ತೆ ಮೇಲಕ್ಕೇ ಇಡುತ್ತೇವೆ.

ವಿನಯ ಪಿಟಕದಲ್ಲಿ ಇದೇ ತೊಡಕು ಆನಂದರಿಗೆ ಬರುತ್ತದೆ. ಭಿಕ್ಷುಗಳು ಹೆಚ್ಚುವರಿ ಭಿಕ್ಷಾಪಾತ್ರೆ ಇಟ್ಟುಕೊಳ್ಳಬಾರದೆಂಬ ನಿಯಮ ಆಗಲೇ ಇತ್ತು. ಆನಂದರಿಗೆ ಇನ್ನೊಂದು ಪಾತ್ರೆ ಸಿಕ್ಕಿತು. ಅದನ್ನು ಸಾರಿಪುತ್ತರಿಗೆ ಕೊಡುವ ಆಸೆ. ಆದರೆ ಸಾರಿಪುತ್ತರು ಸಾಕೇತದಲ್ಲಿದ್ದರು. ಆನಂದರು ಬುದ್ಧರಲ್ಲಿ ಹೇಳಿಕೊಂಡರು. ಬುದ್ಧರು ಆಸೆ ತಪ್ಪೆನ್ನಲಿಲ್ಲ; ಸಾರಿಪುತ್ತರು ಬರಲು ಎಷ್ಟು ದಿನ ಎಂದು ಕೇಳಿದರು. ಒಂಬತ್ತೋ ಹತ್ತೋ ದಿನ ಎಂದರು ಆನಂದರು. ಹೆಚ್ಚುವರಿ ಪಾತ್ರೆಯನ್ನು 10 ದಿನ ಇಟ್ಟುಕೊಳ್ಳಬಹುದೆಂದು ನಿಯಮ ಸಡಿಲವಾಯಿತು. 11ನೇ ದಿನ ಬೆಳಗಾದರೆ ಒಪ್ಪಿಸಿಬಿಡಬೇಕು.

ಕೊಡುವ ಪ್ರೀತಿಗೆ ಇಲ್ಲಿ ಜಾಗವಿದೆ. ಆದರೆ ಯಾರಿಗೆ, ಯಾವಾಗ ಎಂಬುದು ಗೊತ್ತಿರಬೇಕು. (ಇದು ಭಿಕ್ಷುಗಳ ನಿಯಮ. ಒಂದೇ ಪಾತ್ರೆಯಲ್ಲಿ ಸಂಸಾರ ಮಾಡಿ ಎಂದು ನಮಗೆ ಯಾರೂ ಹೇಳಿಲ್ಲ!)

ತುಂಬಾ ಕಷ್ಟವಾಗುವುದು ತೀರಿಹೋದ ಅಮ್ಮನ ಪಾತ್ರೆಗಳ ವಿಷಯದಲ್ಲಿ. ಹೆಸರು ಹಾಕಿಸಿದ ಸ್ಟೀಲ್ ಡಬರಿ, ಹಿತ್ತಾಳೆ ಕೊಡ. ದಿನವೂ ಬಳಸುವಂಥದ್ದೊಂದನ್ನು ಅಡುಗೆಮನೆಗೆ ಇಳಿಸಿಕೊಳ್ಳಿ. ಉಳಿದವುಗಳ ಮೇಲೆ ಯಾರಿಗೆಂದು ಚೀಟಿ ಅಂಟಿಸಿ, ಇವತ್ತೇ ಅವರಿಗೆ ಫೋನ್ ಮಾಡಿ. "ಬೇಡ ಅಕ್ಕಾ, ನನ್ನ ಮನೇಲೂ ಜಾಗ ಇಲ್ಲ" ಎಂದು ತಂಗಿ ಹೇಳಿದರೆ ನೋವಾಗುತ್ತದೆ, ನಿಜ. ನೋವು ಆರಲು ಒಂದೆರಡು ದಿನ ಬಿಡಿ. ಆಮೇಲೆ, ಪರಿಚಯದವರಲ್ಲಿ ಹೊಸದಾಗಿ ಸಂಸಾರ ಹೂಡಿದವರಿದ್ದರೆ ಕೇಳಿ ನೋಡಿ.